ಅವ್ವನ ಗೇಟು

ಪುಣೆಯ ಹಡಪಸರದ ಮಾಂತುವಿಗೆ ಫೋಟೋ ತೆಗೆಯಲು ಬರುವುದಿಲ್ಲ ಎಂದು ನಾನು ಮೂರು ವಾರ ಗಟ್ಟಿಯಾಗಿ ನಂಬಿದ್ದೆ.

ಅದು ತೊಂಬತ್ತೊಂಬತ್ತನೇ ಇಸವಿ. ಸೋದರಮಾವ ಅಂಬಾರಾಯ ನನಗೊಂದು ಗಂಡು ನೋಡಿದ್ದ. ಅವರಿಗೆ ಕಳಿಸಲು ಫೋಟೋ ಬೇಕಿತ್ತು. ಮಾಮನ ಮನೆಯಲ್ಲಿದ್ದುಕೊಂಡು ಕಂಪನಿಯೊಂದರಲ್ಲಿ ಟೈಪಿಸ್ಟ್ ಆಗಿದ್ದ ನಾನು, ಸಂಜೆ ಮಾಂತುವಿನ ಸ್ಟುಡಿಯೋಗೆ ಹೋದೆ. ಮೊದಲ ಸಲ, ಕಣ್ಣು ಮುಚ್ಚಿದ್ದೀರಿ ಎಂದ. ಎರಡನೇ ಸಲ, ಮುಖಕ್ಕೆ ನೆರಳು ಬಿದ್ದಿದೆ ಎಂದ. ಮೂರನೇ ಸಲ ರೋಲಿಗೇ ಬೆಳಕು ಹೊಕ್ಕಿತಂತೆ. ಪ್ರತಿ ಸಲವೂ ನನ್ನ ಗದ್ದ ಮುಟ್ಟದೆ, ಗಾಳಿಯಲ್ಲೇ ಬೆರಳೆತ್ತಿ "ಇಷ್ಟ ಮ್ಯಾಲ ರಂಜನಾರೀ" ಎನ್ನುತ್ತಿದ್ದ. ಕ್ಯಾಮೆರಾದ ಹಿಂದಿನಿಂದ ಇಣುಕಿ, ನಾನು ನೋಡಿದ ಕೂಡಲೇ ಮರೆಯಾಗುತ್ತಿದ್ದ. ನನಗೆ ಸಿಟ್ಟೂ ಬರುತ್ತಿತ್ತು, ನಗುವೂ ಬರುತ್ತಿತ್ತು.

ಕಾಯುವಾಗ ಗೋಡೆ ನೋಡುತ್ತಿದ್ದೆ. ಮದುವೆ ಫೋಟೋಗಳ ನಡುವೆ, ಅವನು ರಜೆಯ ದಿನ ಅಲೆದು ತೆಗೆದ ಬೇರೆ ಚಿತ್ರಗಳಿದ್ದವು. ಬಾರಾಮತಿ ಕಡೆಯ ಒಂದು ಹಳ್ಳಿ, ಅಲ್ಲಿ ಓಡಾಡಿ ನಿಂತುಹೋದ ಪುಟ್ಟ ರೈಲಿನ ಕುರುಹುಗಳು. ಹುಲ್ಲು ಬೆಳೆದ ಪ್ಲಾಟ್‌ಫಾರ್ಮ್, ನೀರಿಲ್ಲದ ಟ್ಯಾಂಕು. ಕೊನೆಯದರಲ್ಲಿ ಕಬ್ಬಿನ ಹೊಲದ ನಡುವೆ, ದಾರಿ ಹಳಿ ದಾಟುತ್ತಿದ್ದ ಕಡೆ ಎರಡು ಬಿಳಿ ಕಂಬ, ಪಕ್ಕದಲ್ಲೊಂದು ಖೋಲಿ. ಕೆಳಗೆ 'ಯಾರೂ ಇಲ್ಲದ ಗೇಟು' ಎಂಬ ಚೀಟಿ.

ನಾನು ಬೆಳೆದದ್ದು ಆ ಖೋಲಿಯಲ್ಲಿ.

ಅಪ್ಪ ಮಲಕಪ್ಪ ವಿಜಾಪುರದ ಕಡೆಯಿಂದ ರೈಲ್ವೆ ಕೆಲಸಕ್ಕೆ ಬಂದವನು. ಅವನು ತೀರಿಕೊಂಡ ಮೇಲೆ ನೌಕರಿ ಅವ್ವ ರಂಗೂಬಾಯಿಗೆ ಸಿಕ್ಕಿತು. ಹತ್ತೊಂಬತ್ತು ವರ್ಷ ಅವ್ವ ಆ ಗೇಟು ಕಾದಳು. ರೈಲು ನಿಂತ ವರ್ಷವೇ ಅವಳ ನೌಕರಿಯೂ ಮುಗಿಯಿತು. ಹಳಿ ಕಿತ್ತುಕೊಂಡು ಹೋದರು, ಅವ್ವ ಮಾತ್ರ ಅಲ್ಲೇ ಉಳಿದಳು. ಮಾಮನಿಗೆ ಇದು ನಾಚಿಕೆಯ ವಿಷಯ. ಬಯೋಡಾಟಾದಲ್ಲಿ ತಾಯಿಯ ಹೆಸರಿನ ಮುಂದೆ 'ಗೃಹಿಣಿ' ಎಂದು ಬರೆಯಲು ಹೇಳಿದ್ದ. ನಾನು ಬರೆದೂ ಬಿಟ್ಟಿದ್ದೆ. ಅದು ಒಳಗೊಳಗೇ ಚುಚ್ಚುತ್ತಿತ್ತು.

ನಾಲ್ಕನೇ ಸಲ ಮಾಂತು ಹಿಮಪರ್ವತದ ಪರದೆ ಇಳಿಬಿಟ್ಟ. ನನಗೆ ಸಾಕಾಗಿತ್ತು. ತೆಗೆಯುವುದಾದರೆ ಅಲ್ಲಿ ತೆಗೆಯಿರಿ ಎಂದು ಆ ಚಿತ್ರದ ಕಡೆ ಕೈ ತೋರಿಸಿದೆ.

"ಅಲ್ಲಿ ಯಾರೂ ಇಲ್ರಿ," ಎಂದ.

"ಅಲ್ಲಿ ನಮ್ಮವ್ವ ಅದಾಳ್ರಿ."

ಅವನು ಸ್ಟೂಲ್ ಹತ್ತಿ ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡ. ತಾನು ಹೋದ ದಿನ ಬಾಗಿಲಿಗೆ ಬೀಗವಿತ್ತು, ಊರವರನ್ನು ಕೇಳಬೇಕಿತ್ತು, ತಪ್ಪಾಯಿತು ಎಂದ.

ಭಾನುವಾರ ಎಸ್‌.ಟಿ. ಬಸ್ಸಿನಲ್ಲಿ ಹೋದೆವು, ನಡುವೆ ಅವನ ಕ್ಯಾಮೆರಾ ಚೀಲ. ದಾರಿಯುದ್ದಕ್ಕೂ ಆ ಚೀಲವನ್ನು ಇಬ್ಬರೂ ಹಿಡಿದುಕೊಂಡಿದ್ದೆವು.

ಬಿಳಿ ಕಂಬಗಳ ಹತ್ತಿರ ಕಬ್ಬಿನ ಗಾಡಿಯೊಂದು ನಿಂತಿತು. ಗಾಡಿಯವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಆಮೇಲೆ ಎತ್ತು ಹೊಡೆದ. ಹಳಿಯಿಲ್ಲದಿದ್ದರೂ ಊರವರೆಲ್ಲ ಇಂದಿಗೂ ಹಾಗೇ ದಾಟುತ್ತಾರೆ. ಅವ್ವನ ಬೈಗುಳ ತಿಂದು ಬಂದ ರೂಢಿ. ಮಾಂತು ಲೆನ್ಸ್ ಒರೆಸುತ್ತ ನೆಟ್ಟಗೆ ನಡೆದ.

"ನಿಂದ್ರಪಾ," ಎಂದಳು ಬಾಗಿಲಲ್ಲಿ ಕೂತಿದ್ದ ಅವ್ವ. "ಎರಡೂ ಕಡೆ ನೋಡು. ಆಮ್ಯಾಲ ದಾಟು."

ನಾನು ಮಾಂತುವಿನ ಮುಖ ನೋಡಿದೆ. ಪುಣೆಯಿಂದ ಬಂದವರೆಲ್ಲ ಈ ಮಾತಿಗೆ ನಕ್ಕಿದ್ದರು, ಮಾಮ ಕೂಡ. ಮಾಂತು ನಗಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದ. ಕಣ್ಣು ಹರಿಯುವಷ್ಟು ದೂರ ಎಡಕ್ಕೂ ಬಲಕ್ಕೂ ನೋಡಿ, ಆಮೇಲೆ ದಾಟಿದ. ನನಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು ಆ ಗಳಿಗೆಯಲ್ಲಿ. ಸುತ್ತಿ ಬಳಸಿ ಹೇಳುವುದೇನಿದೆ?

ಅವ್ವ ಟ್ರಂಕಿನಿಂದ ಕೆಂಪು, ಹಸಿರು ಬಾವುಟ ತೆಗೆದಳು. ಇಳಕಲ್ ಸೀರೆಯ ನೆರಿಗೆ ಸರಿಮಾಡಿಕೊಂಡು ನನ್ನ ಪಕ್ಕ ನಿಂತಳು.

"ನನ್ನ ಗೇಟಿನ್ಯಾಗ ಒಂದು ಆಡಿನ ಮರಿನೂ ಸತ್ತಿಲ್ಲ, ತಮ್ಮಾ. ಹಂಗ ಬರಬೇಕ ಫೋಟೋ."

ಮಾಂತು ಒಂದೇ ಸಲ ಒತ್ತಿದ. ಅಷ್ಟೇ ಸಾಕಾಯಿತು.

ಬುಧವಾರ ಫೋಟೋ ನೋಡಿದೆ. ಅವ್ವನ ಕಣ್ಣಿನ ಗತ್ತು ನನ್ನ ಕಣ್ಣಲ್ಲೂ ಇತ್ತು. ಇಷ್ಟು ಚೆನ್ನಾಗಿ ತೆಗೆಯುವವನು ಮೂರು ಸಲ ಹೇಗೆ ಕೆಡಿಸಿದ ಎಂದು ಕೇಳಿದೆ. ಅವನು ಕಿವಿಯವರೆಗೂ ಕೆಂಪಾಗಿ ಡ್ರಾಯರ್ ಎಳೆದ. ಒಳಗೆ ನನ್ನ ಮೂರು ಫೋಟೋಗಳಿದ್ದವು. ಮೂರರಲ್ಲೂ ಕಣ್ಣು ತೆರೆದೇ ಇತ್ತು.

"ಮೊದಲನೇದ ಭಾಳ ಚಲೋ ಬಂದಿತ್ರಿ. ಕೊಟ್ರ ಮತ್ತ ನೀವು ಬರೂದಿಲ್ಲ ಅಂತ ಇಟಗೊಂಡೆ."

ನಾನು ಅವ್ವನ ಜೊತೆಗಿನ ಫೋಟೋ ತಿರುವಿ, ಅವನ ಪೆನ್ನಿನಿಂದಲೇ ಹಿಂದೆ ಬರೆದೆ. ನನ್ನ ಹೆಸರು, ಓದು, ಎತ್ತರ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ: ತಾಯಿ ರಂಗೂಬಾಯಿ, ರೈಲ್ವೆ ಗೇಟ್ ಕೀಪರ್, ಹತ್ತೊಂಬತ್ತು ವರ್ಷ.

"ನಿಮ್ಮ ಅವ್ವಾರಿಗೆ ತೋರಸ್ರಿ," ಎಂದೆ. "ಹಿಂದಿಂದು ಮೊದಲ ಓದಲಿ."

ತಾನು ನೋಡಿದ ಗಂಡು ಬೇಡ ಎಂದದ್ದಕ್ಕೆ ಮಾಮ ಎರಡು ದಿನ ಮಾತು ಬಿಟ್ಟ. ಮಾಂತುವಿನ ತಾಯಿ ಶಿವಬಸವ್ವ ಮಾತ್ರ, ಹುಡುಗಿಯನ್ನು ಆಮೇಲೆ ನೋಡೋಣ, ಮೊದಲು ಗೇಟು ಕಾದವಳನ್ನು ನೋಡಬೇಕು ಎಂದು ಹೇಳಿ ಕಳಿಸಿದರು.

ಮುಂದಿನ ಭಾನುವಾರ ನಾನೂ ಅವ್ವನೂ ಬಾಗಿಲಲ್ಲಿ ಕಾಯುತ್ತಿದ್ದೆವು. ಶಿವಬಸವ್ವ ಕಂಬಗಳ ಹತ್ತಿರ ಬಂದವರೇ ನಿಂತರು. ಸೆರಗು ಹೊದ್ದುಕೊಂಡು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ದಾಟಿದರು. ಹಿಂದೆ ಮಾಂತುವೂ ಹಾಗೇ ದಾಟಿದ, ಆಮೇಲೆ ನೆಟ್ಟಗೆ ನನ್ನನ್ನೇ ನೋಡಿದ. ಈ ಸಲ ಮರೆಯಾಗಲು ಅವನ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ.

ಕೊನೆಗೆ ಹಣ್ಣಿನ ಚೀಲ ಹಿಡಿದ ಮಾಮ ಅತ್ತಿತ್ತ ನೋಡದೆ ಬಂದುಬಿಟ್ಟ.

"ಅಂಬಾರಾಯಾ, ಹಿಂದಕ ಹೋಗು," ಎಂದಳು ಅವ್ವ.

ಮಾಮ ಬೀಗರ ಮುಖ ನೋಡಿದ. ಅವರಾರೂ ನಗಲಿಲ್ಲ. ಚೀಲ ಹಿಡಿದುಕೊಂಡೇ ಕಂಬದ ಆಚೆ ಹೋಗಿ ನಿಂತು, ಎರಡೂ ಕಡೆ ನೋಡಿ, ಅವ್ವ ಕೈ ಬೀಸಿದ ಮೇಲೆ ದಾಟಿ ಬಂದ.