ಮೂರು ಗಂಟೆಗೆ ತಲೆಯಾಡಿಸುವ ದೊರೆ

ಗಡಿಯಾರದ ಮುಳ್ಳು ಮೂರಕ್ಕೆ ಬಂದದ್ದೇ ತಡ, ದೊರೆ ಕೋಣೆಯ ಮೂಲೆಯಲ್ಲಿ ನಿಲ್ಲಿಸಿದ್ದ ಕೊಂಬೆಯಿಂದ ಇಳಿಯತೊಡಗಿತು.

ಇಳಿಯಿತು ಅನ್ನುವುದಕ್ಕಿಂತ ಜಾರಿತು ಅನ್ನಬೇಕು. ಹಿಂಗಾಲುಗಳಲ್ಲಿ ಬಲವೇ ಇರಲಿಲ್ಲ. ಬಾಲವೂ ಸೇರಿ ಆಳಿನ ಎದೆಮಟ್ಟದಷ್ಟು ಉದ್ದವಿದ್ದ ಓತಿಕೇತದ ಜಾತಿಯ ಆ ಹಸಿರು ಇಗುವಾನಾ, ದೀಪದ ಕೆಳಗಿನ ಬೆಚ್ಚನೆ ಜಾಗ ಬಿಟ್ಟು, ತಣ್ಣನೆ ನೆಲದ ಮೇಲೆ ಉಗುರು ಕೆರೆಯುತ್ತಾ ಮುಂಬಾಗಿಲವರೆಗೆ ತೆವಳಿತು. ಮುಚ್ಚಿದ ಬಾಗಿಲ ಎದುರು ತಲೆ ಎತ್ತಿತು.

ಒಂದು ಸಲ... ಎರಡು ಸಲ... ಮೂರು ಸಲ ಆಡಿಸಿತು. ಬಂದವರಿಗೆ ‘ಬನ್ನಿ’ ಅನ್ನುವ ಹಾಗೆ!

ಮೇಜಿನ ಮುಂದೆ ಕೂತಿದ್ದ ಪುಟ್ಟಿ ಕೈಲಿದ್ದ ಕೆಲಸ ಬಿಟ್ಟು ಎದ್ದಳು.

“ನೋಡ್ದೆಯಾ?” ಗೋಡೆಗೆ ಒರಗಿ ಕೂತಿದ್ದ ಅಮ್ಮ ಪಿಸುಗುಟ್ಟಿದಳು. “ನಾನು ಹೇಳಿದ್ರೆ ಮುದುಕಿಗೆ ಅರಳುಮರಳು ಅಂತಿದ್ದೆ. ದಿನಾ ಹೀಗೇ ಕಣೇ. ನಿನ್ನಣ್ಣ ಬಂದಿದಾನೆ.”

ಅಣ್ಣ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಲಿಫ್ಟ್ ರಿಪೇರಿ ಅವನ ಕೆಲಸ. ಬೆಳಗಿನ ಪಾಳಿ ಮುಗಿಸಿ ಅವನು ಮನೆ ಮೆಟ್ಟಿಲು ಹತ್ತುತ್ತಿದ್ದದ್ದು ಸರಿಯಾಗಿ ಮೂರಕ್ಕೆ.

ಕಟ್ಟುಹಲ್ಲು ತಯಾರಿಸುವ ಕಡೆ ಅವಳಿಗೆ ವಾರವಿಡೀ ಕೆಲಸ. ಈ ಹೊತ್ತಿಗೆ ಎಂದೂ ಮನೆಯಲ್ಲಿ ಇದ್ದವಳಲ್ಲ. ಅಣ್ಣ ಸಾಕಿದ್ದ ದೊರೆಗೆ ಹುಷಾರಿಲ್ಲವೆಂದು ಇವತ್ತು ಕೆಲಸವನ್ನೇ ಮನೆಗೆ ತಂದಿದ್ದಳು. ಮೇಜಿನ ಮೇಲೆ ಸಾಲಾಗಿಟ್ಟ ಪ್ಲಾಸ್ಟರ್ ದವಡೆಗಳು, ಎಲ್ಲವನ್ನೂ ಬಲ್ಲವರ ಹಾಗೆ, ಬಿಳಿ ಹಲ್ಲು ಬಿಟ್ಟುಕೊಂಡು ಕೂತಿದ್ದವು.

ಆಗ ಹೊಸಿಲಿನ ಆಚೆ ಏನೋ ಸರಕ್ಕೆಂದಿತು.

“ಬಾಗಿಲು ತೆಗೀಬೇಡ ಪುಟ್ಟೀ! ತೆಗೆದ್ರೆ ಹೊರಟೋಗ್ತಾನೆ!”

ಅವಳು ಕೇಳಲಿಲ್ಲ. ಚಿಲಕ ಎಳೆದು ಬಾಗಿಲನ್ನು ದಢಾರನೆ ತೆರೆದಳು.

ಹೊಸಿಲ ಬಳಿ ಒಬ್ಬ ಗಂಡಸು ಬಗ್ಗಿದ್ದ! ಕೈಯಲ್ಲಿ ಎಳೆ ಸೊಪ್ಪಿನ ಕಟ್ಟು, ಅದರ ಮೇಲೆ ಎರಡು ಕೆಂಪು ದಾಸವಾಳ. ಅವಳನ್ನು ಕಂಡು ಅವನ ಮುಖವೇ ಸುಣ್ಣವಾಯಿತು. ಯಾರು ಯಾರನ್ನು ಕಂಡು ಹೆಚ್ಚು ಹೆದರಿದರೋ ಹೇಳುವುದು ಕಷ್ಟ.

“ಯಾರು ನೀವು?”

“ಸೊ... ಸೊಪ್ಪು...”

“ಸೊಪ್ಪು ಅಂತ ಹೆಸರಾ?”

ಅವನು ನಗಲಿಲ್ಲ. “ನಿಮ್ಮಣ್ಣನ ಜೊತೆ ಕೆಲಸ ಮಾಡ್ತಿದ್ದೆ. ವರ್ಕ್‌ಶಾಪಿನ ಹಿಂದೆ ಈ ಗಿಡಗಳಿವೆ. ದೊರೆಗೆ ಸೊಪ್ಪು ಅಲ್ಲಿಂದಲೇ ತರ್ತಿದ್ದ. ತಪ್ಪಬಾರ್ದು ಅಂತ...”

ಹಾಗಾದರೆ ದಿನಾ ಹೊಸಿಲ ಮೇಲೆ ಸಿಗುತ್ತಿದ್ದ ಸೊಪ್ಪು! ತರಕಾರಿಯವಳು ಇಟ್ಟು ಹೋಗುತ್ತಾಳೆಂದು ಇವಳು ನಂಬಿದ್ದಳು. ಮಗನೇ ತರುತ್ತಾನೆಂದು ಅಮ್ಮ ನಂಬಿದ್ದಳು.

ಮರುಗಳಿಗೆಯೇ ಅವಳಿಗೆ ಹೊಳೆಯಿತು. ಅಣ್ಣ ಪಾಳಿ ಬದಲಾಯಿಸಿಕೊಂಡಿದ್ದ ಆ ಜೊತೆಗಾರ... ಇವನೇನಾ?

“ಆವತ್ತಿನ ಪಾಳಿ ನಿಮ್ಮದಾಗಿತ್ತು. ಅಣ್ಣನಿಗೆ ರಜೆ ಇತ್ತು. ಅಲ್ವಾ?”

ಅವನು ತಲೆ ತಗ್ಗಿಸಿದ. “ಹೌದು.”

“ನಿಮ್ಮ ಬದಲು ಹೋದ. ನಿಮ್ಮ ಬದಲು ಲಿಫ್ಟ್ ಗುಂಡಿಗೆ ಬಿದ್ದ.”

“...ಹೌದು.”

ಅವಳು ಬಾಗಿಲನ್ನು ಅವನ ಮುಖದ ಮೇಲೆ ಹಾಕಿದಳು. ಕಾಲ ಬಳಿ ದೊರೆ ಇನ್ನೂ ತಲೆಯಾಡಿಸುತ್ತಲೇ ಇತ್ತು.

ಆ ಸಂಜೆ ದೊರೆ, ಅವನು ಹೊಸಿಲಲ್ಲಿ ಬಿಟ್ಟುಹೋದ ದಾಸವಾಳವನ್ನೂ ಮೂಸಲಿಲ್ಲ. ಬಾಯಿಗಿಟ್ಟ ಎಲೆ ಜಾರಿ ಬಿತ್ತು. ಅದರ ಕಾಲ್ಬೆರಳುಗಳು ತಂತಾನೇ ಅದುರುತ್ತಿದ್ದವು. ಅವಳು ಎರಡು ಬೆರಳಿಂದ ಅದರ ಗಲ್ಲ ಎತ್ತಿದಳು... ಎತ್ತಿದವಳು ಬೆಚ್ಚಿ ಕೈ ಹಿಂದೆಗೆದಳು!

ದವಡೆ ಒತ್ತಿದಲ್ಲಿ ತಗ್ಗಿತ್ತು. ಬೆಚ್ಚಗಾದ ಮೇಣದ ಹಾಗೆ.

ಹತ್ತು ವರ್ಷ ಊರ ಜನರ ದವಡೆಗಳ ಅಚ್ಚು ಹಿಡಿದ ಬೆರಳುಗಳವು. ಮೂಳೆ ಹೀಗಿರುವುದಿಲ್ಲವೆಂದು ಅವಕ್ಕೆ ಗೊತ್ತಿತ್ತು. ನಾಯಿ, ದನಗಳನ್ನಷ್ಟೇ ನೋಡಿ ಬಲ್ಲ ಪಶುವೈದ್ಯರು ಮಾತ್ರ “ವಯಸ್ಸಾಗಿದೆ” ಅಂದು ಕಳಿಸಿದ್ದರು.

“ಅಮ್ಮಾ, ನೀನಾದ್ರೂ ಒಂದು ತುತ್ತು ತಿನ್ನು.”

“ಅವನು ತಿನ್ನದೆ ನನ್ನ ಗಂಟಲಲ್ಲಿ ಹೇಗಿಳಿಯುತ್ತೆ? ಇವತ್ತಿಗೆ ಮೂರು ದಿನ...” ಅಮ್ಮ ದೊರೆಯ ಬೆನ್ನ ಮುಳ್ಳುಗಳನ್ನು ಸವರಿದಳು. “ಒಂದ್ಸಲ ಕಳಿಸಿಕೊಟ್ಟಿದೀನಿ ಪುಟ್ಟಿ. ಇನ್ನೊಂದ್ಸಲ ಕಳಿಸೋ ಶಕ್ತಿ ನಂಗಿಲ್ಲ. ಇವನ ಹಿಂದೆಯೇ ಹೊರಟುಬಿಡ್ತೀನಿ.”

ಅದು ಬೆದರಿಕೆಯಾಗಿರಲಿಲ್ಲ. ಸಂತೆಗೆ ಹೋಗಿಬರುತ್ತೇನೆ ಅನ್ನುವಷ್ಟು ಸಲೀಸಾಗಿ ಹೇಳಿದಳು. ಅದೇ ಮಗಳನ್ನು ಹೆದರಿಸಿತು.

ಮರುದಿನ ಮೂರಕ್ಕೆ ಮೊದಲೇ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಸಿಟ್ಟು ಬಿಸಿತುಪ್ಪದ ಹಾಗೆ ಗಂಟಲಲ್ಲಿತ್ತು. ಆದರೂ ಅವನ ನೆರಳು ಮೆಟ್ಟಿಲಿಗೆ ಬೀಳುತ್ತಲೇ ಎದ್ದಳು.

“ಒಳಗೆ ಬನ್ನಿ. ನಾನು ಕರೀತಿರೋದಲ್ಲ. ದೊರೆಗೋಸ್ಕರ.”

ಒಳಗೆ ಅಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ದಿನಾ... ನೀನಾ ಬರ್ತಿದ್ದದ್ದು?”

“ಹೂಂ ಅಮ್ಮಾ. ಮೊದಲ ವರ್ಷ ದೊರೇನ ವರ್ಕ್‌ಶಾಪಲ್ಲೇ ಸಾಕಿದ್ವಿ. ನನ್ನ ಹೆಜ್ಜೆ ಸದ್ದು ಗುರುತು ಹಿಡೀತಾನೆ.”

ಅಮ್ಮನ ಮುಖದಲ್ಲಿ ಏನೋ ಕುಸಿಯಿತು. ಅವಳು ಗೋಡೆಯ ಕಡೆ ತಿರುಗಿ ಕೂತಳು.

ಅವನು ದೊರೆಯ ಕಾಲು ಮುಟ್ಟಿದ, ದವಡೆ ಮುಟ್ಟಿದ. ಆಮೇಲೆ ಮೆಲ್ಲನೆ ತಲೆಯೆತ್ತಿ ದೀಪ ನೋಡಿದ.

“ಈ ಬಲ್ಬ್ ಯಾವಾಗ ಹಾಕಿದ್ದು?”

“ಅಣ್ಣ ಹಾಕಿದ್ದು.”

“ಅಂದ್ರೆ... ಬದಲಾಯಿಸೇ ಇಲ್ವಾ?”

ಅವನು ಕೈ ಚಾಚಿದ. ಅವಳು ಅವನ ಮಣಿಕಟ್ಟನ್ನು ಗಪ್ಪನೆ ಹಿಡಿದಳು. “ಮುಟ್ಬೇಡಿ!”

ಹನ್ನೊಂದು ತಿಂಗಳಿಂದ ಅವಳು ಆ ಗಾಜಿನ ಧೂಳನ್ನೂ ಒರೆಸಿರಲಿಲ್ಲ. ಅಣ್ಣನ ಬೆರಳಿನ ಗುರುತು ಅಳಿಸಿಹೋದರೆ? ಅಣ್ಣ ಹಚ್ಚಿದ ದೀಪ, ಅಣ್ಣನಿಲ್ಲದೆಯೂ ಉರಿಯುತ್ತಿದೆಯಲ್ಲ... ಎಂಬುದೊಂದೇ ಅವಳಿಗಿದ್ದ ಸಮಾಧಾನ.

“ಉರೀತಾ ಇದೆ ನಿಜ,” ಅವನು ಕೈ ಬಿಡಿಸಿಕೊಳ್ಳದೆ ಹೇಳಿದ. “ಆದ್ರೆ ಇದರೊಳಗಿನ ಬಿಸಿಲು ಸತ್ತು ಎಷ್ಟೋ ತಿಂಗಳಾಯ್ತು. ನಮ್ಮ ಕಣ್ಣಿಗೆ ತಿಳಿಯೋಲ್ಲ. ಆ ಬಿಸಿಲಿಲ್ದೆ ಇವನ ಮೂಳೆ ಕರಗುತ್ತೆ. ಬೇಕಾದ್ರೆ ಬಲ್ಬಿನ ಕುತ್ತಿಗೆ ನೋಡಿ. ಅವನು ಏನಾದ್ರೂ ಬರೆದಿರ್ತಾನೆ.”

ಅವಳೇ ಸ್ವಿಚ್ ಆರಿಸಿದಳು. ಸೆರಗಿನಿಂದ ಹಿಡಿದು ಬಲ್ಬನ್ನು ತಿರುಗಿಸಿ ತೆಗೆದು, ಪರದೆಯ ಸಂದಿನ ಬೆಳಕಿಗೆ ಹಿಡಿದಳು. ಲೋಹದ ಕುತ್ತಿಗೆಯ ಮೇಲೆ ಅಣ್ಣನ ಗೀಚು ಅಕ್ಷರ. ಒಂದು ತಾರೀಖು. ಅದರ ಕೆಳಗೆ...

‘ಆರು ತಿಂಗಳಾಯ್ತಾ? ತೆಗಿ.’

ತೀರಿಕೊಂಡವನು ಕಿವಿಯ ಪಕ್ಕದಲ್ಲೇ ಗದರಿಸಿದಂತಾಯಿತು. ದಪ್ಪ ಪರದೆಯ ಆ ಕೋಣೆಗೆ ಎಷ್ಟೋ ಕಾಲದ ಮೇಲೆ ಹಗಲಿನಲ್ಲಿ ಕತ್ತಲು ಬಂದಿತ್ತು. ಆ ಕತ್ತಲಲ್ಲಿ ದೊರೆಯ ಉಸಿರು ಕೇಳುತ್ತಿತ್ತು. ಇನ್ನೂ ಯಾರದೋ ಉಸಿರೂ ಕೇಳುತ್ತಿದೆಯೇನೋ ಅನ್ನಿಸಿ ಅವಳು ಎಣಿಸಿದಳು. ಅಮ್ಮ, ತಾನು, ಅವನು, ದೊರೆ... ಎಣಿಕೆ ಅಲ್ಲಿಗೇ ನಿಲ್ಲಿಸಿಬಿಟ್ಟಳು.

ನಾನೇ ಕೊಲ್ತಾ ಇದ್ದೆನಾ? ಪ್ರೀತಿಯಿಂದಲೇ?

“ಹೊಸ ಬಲ್ಬ್ ತರ್ತೀನಿ,” ಅವನು ಕತ್ತಲಲ್ಲೇ ಹೇಳಿದ. “ನೀವು ಅಳ್ಬೇಡಿ. ಇನ್ನೂ ಹೊತ್ತು ಮೀರಿಲ್ಲ.”

ಆಮೇಲೆ ಅವನು ದಿನಾ ಒಳಗೇ ಬರತೊಡಗಿದ. ಅವಳೂ ಕೆಲಸವನ್ನು ಮನೆಗೇ ತರತೊಡಗಿದಳು. ಇಂಥ ಪ್ರಾಣಿಗಳನ್ನು ಬಲ್ಲ ವೈದ್ಯರನ್ನು ಪಕ್ಕದೂರಿನಲ್ಲಿ ಹುಡುಕಿದ. ಅವರು ಕೊಟ್ಟ ಸುಣ್ಣದಂಶದ ಔಷಧಿಯನ್ನು ಅವಳು ಹನಿಹನಿಯಾಗಿ ದೊರೆಯ ನಾಲಿಗೆಗೆ ಬಿಟ್ಟಳು. ರಜೆಯ ಬೆಳಿಗ್ಗೆಗಳಲ್ಲಿ ಇಬ್ಬರೂ ಸೇರಿ ದೊರೆಯನ್ನು ಮಹಡಿಯ ಎಳೆಬಿಸಿಲಿಗೆ ಹೊತ್ತೊಯ್ದರು. ಪಕ್ಕದ ಮನೆಯಾಕೆ ಕೂಗಿದಳು, “ಮೊಸಳೆ ಮರಿಗೆ ಇಬ್ಬಿಬ್ಬರು ದಾದಿಯರಾ!”

ನಾಲ್ಕನೇ ವಾರ ದೊರೆ ದಾಸವಾಳ ನುಂಗಿತು. ಅಲ್ಲಿಯವರೆಗೆ ಗಂಜಿಯಲ್ಲೇ ದಿನ ದೂಡಿದ್ದ ಅಮ್ಮ ಅವತ್ತೇ ತಟ್ಟೆ ಕೇಳಿ ಪಡೆದು ಎರಡನೇ ಸಲ ಬಡಿಸಿಕೊಂಡಳು!

ಅವಳ ಸಿಟ್ಟು ಎಲ್ಲಿ ಹೋಯಿತು? ಹೋಗಿರಲಿಲ್ಲ. ಆದರೆ ಮೂರು ಗಂಟೆಯಾದರೆ ಸಾಕು, ಆ ಸಿಟ್ಟೇ ಕನ್ನಡಿ ನೋಡಿಕೊಂಡು ತಲೆ ಬಾಚಿಕೊಳ್ಳುತ್ತಿತ್ತು... ಒಂದು ಪ್ರಶ್ನೆ ಮಾತ್ರ ಮುಳ್ಳಾಗಿ ಉಳಿದಿತ್ತು. ಆವತ್ತು ಪಾಳಿ ಬದಲಾದದ್ದು ಯಾಕೆ? ಕೇಳಿದಾಗಲೆಲ್ಲ ಅವನು ಎದ್ದು ಹೊರಟುಬಿಡುತ್ತಿದ್ದ.

ಪಾಳಿಯಿಲ್ಲದ ಒಂದು ದಿನ ಅವನು ಎರಡಕ್ಕೇ ಬಂದಿದ್ದ. ಮೂವರೂ ಒಳಗಿದ್ದರು. ಬಾಗಿಲಿಗೆ ಚಿಲಕವಿತ್ತು.

ಮೂರು ಹೊಡೆಯಿತು.

ದೊರೆ ಕೊಂಬೆಯಿಂದ ಇಳಿಯಿತು. ಈ ಸಲ ಜಾರಲಿಲ್ಲ. ಗಟ್ಟಿ ಕಾಲೂರಿ ಸೀದಾ ಬಾಗಿಲಿಗೆ ನಡೆಯಿತು. ಒಂದು ಸಲ... ಎರಡು ಸಲ... ಮೂರು ಸಲ ತಲೆಯಾಡಿಸಿತು.

ಅವಳು ಅವನ ಮುಖ ನೋಡಿದಳು. ಅವನು ಕುರ್ಚಿಯ ತೋಳು ಬಿಗಿಹಿಡಿದಿದ್ದ. “ನಾನು... ಇಲ್ಲೇ ಇದೀನಲ್ಲ?”

“ಈಗ ತೆಗಿ ಪುಟ್ಟಿ,” ಅಮ್ಮ ಶಾಂತವಾಗಿ ಹೇಳಿದಳು.

ತೆರೆದಳು. ಮೆಟ್ಟಿಲು ಖಾಲಿ. ಬಿಸಿಲು ಬಿಟ್ಟರೆ ಯಾರೂ ಇಲ್ಲ. ಒಂದು ತಂಪು ಗಾಳಿ ಅವಳ ಕೈ ಸವರಿ ಒಳಗೆ ಹೋಯಿತು.

ದೊರೆಯ ತಲೆ ನಿಧಾನವಾಗಿ ತಿರುಗತೊಡಗಿತು. ಬಾಗಿಲಿಂದ ಮೇಜಿಗೆ... ಮೇಜಿಂದ ಕಿಟಕಿಗೆ... ಯಾರೋ ನಡೆದು ಹೋಗುವುದನ್ನು ನೋಡುವಂತೆ. ಕೊನೆಗೆ ಅವನ ಕುರ್ಚಿಯ ಹಿಂದೆ ಬಂದು ನಿಂತಿತು ಆ ನೋಟ. ಅವನ ಹೆಗಲಿಗಿಂತ ಗೇಣು ಮೇಲೆ.

ಅವನ ಹಣೆಯಲ್ಲಿ ಬೆವರು ಮೂಡಿತು. “ಹೇಳ್ತೀನಿ ಮಾರಾಯಾ... ಹೇಳ್ತೀನಿ!”

ಯಾರಿಗೆ ಹೇಳಿದನೋ!

“ಪಾಳಿ ಬದಲಾಯಿಸು ಅಂತ ನಾನು ಕೇಳಲಿಲ್ಲ. ಅವನೇ ಹಠ ಹಿಡಿದ. ‘ಇವತ್ತು ನಿನ್ನ ಕೆಲಸ ನಾನು ಮಾಡ್ತೀನಿ. ನೀನು ಕ್ಷೌರ ಮಾಡಿಸ್ಕೊಂಡು, ಒಳ್ಳೆ ಅಂಗಿ ಹಾಕ್ಕೊಂಡು, ಮನುಷ್ಯನ ಹಾಗೆ ಬಾ. ಮೂರಕ್ಕೆ ಮನೆಗೆ ಕರ್ಕೊಂಡು ಹೋಗ್ತೀನಿ’ ಅಂದ. ಅವನು ಬಿದ್ದ ಅಂತ ಫೋನ್ ಬಂದಾಗ ನಾನು ಕ್ಷೌರದ ಕುರ್ಚಿಯಲ್ಲಿದ್ದೆ.”

“ಮನೆಗಾ? ಯಾಕೆ?”

“ನಿಮಗೆ ನನ್ನನ್ನ ತೋರಿಸೋಕೆ. ‘ನನ್ನ ತಂಗಿ ನಿನ್ನನ್ನ ಬೈತಾಳೆ, ಆದ್ರೆ ಒಪ್ತಾಳೆ’ ಅಂದಿದ್ದ.”

ಅವಳು ತೆರೆದ ಬಾಗಿಲು ಬಿಟ್ಟು ಅವನೆದುರು ಬಂದು ನಿಂತಳು. “ಇಷ್ಟು ದಿನ ಯಾಕೆ ಹೇಳಲಿಲ್ಲ? ನಾನು ಅಷ್ಟೆಲ್ಲ ಅಂದಾಗಲೂ!”

“ಹೇಳಿದ್ರೆ ನನ್ನ ಮೇಲಿನ ಸಿಟ್ಟನ್ನ ನಿಮ್ಮ ಮೇಲೇ ತಿರುಗಿಸ್ಕೊಳ್ತಿದ್ರಿ. ‘ನನ್ನಿಂದ ಅಣ್ಣ ಹೋದ’ ಅಂತ. ಅದಕ್ಕಿಂತ... ನನ್ನ ಮೇಲೇ ಇರ್ಲಿ ಅನ್ನಿಸ್ತು.”

ಹನ್ನೆರಡು ತಿಂಗಳು ಈ ಮನುಷ್ಯ ಅವಳ ಪಾಲಿನ ಭಾರವನ್ನೂ ಹೊತ್ತು ಆ ಮೆಟ್ಟಿಲು ಹತ್ತಿದ್ದ! ಅವಳಿಗೆ ಕಣ್ಣೀರು ಕೇಳದೇ ಬಂತು. ಅವನ ಕೈ ಹುಡುಕಿ ಹಿಡಿದಳು. ತಣ್ಣಗಿತ್ತು. ಬಿಡಲಿಲ್ಲ.

ದೊರೆ ಕಣ್ಣು ಮುಚ್ಚಿ ನೆಲಕ್ಕೆ ಗಲ್ಲವಿಟ್ಟಿತು.

“ಬಾಗಿಲು ಹಾಕು ಪುಟ್ಟಿ,” ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಬರೋರೆಲ್ಲ ಬಂದಾಯ್ತು.”

ಅವಳು ಬಾಗಿಲು ಮುಚ್ಚಿ ಚಿಲಕ ಹಾಕಿದಳು.

“ನಾನು... ಹೊರಡೋದು ಬೇಡ್ವಾ?” ಅವನು ಮೆಲ್ಲನೆ ಕೇಳಿದ.

“ಅಮ್ಮ, ನಾನು ಇಬ್ರೇ ಇರೋಕೆ ನಂಗೆ ಭಯ,” ಅಂದಳು ಅವಳು.

“ಇವತ್ತೊಂದು ದಿನವಾ?”

“ಅಷ್ಟು ಬೇಗ ಹೋಗೋ ಭಯ ಅಲ್ಲ ಇದು...”