ಮುಮ್ತಾಜಳ ಸುಳ್ಳು ಗಿಡ

ಜಹಾಂಗೀರ ಮಾಸ್ತರನ ಸೈಕಲ್ ಗಂಟೆ ಓಣಿಯ ತುದಿಯಲ್ಲಿ ಕೇಳಿದರೆ ಸಾಕು, ಮುಮ್ತಾಜಳಿಗೆ ಖುಷಿಯೂ ಭಯವೂ ಒಟ್ಟಿಗೇ ಬರುತ್ತಿದ್ದವು.

ಮುಂಡರಗಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಅವನಿಗೆ ಒಂದೇ ಹುಚ್ಚು. ಬೆಳಗಾವಿಯಿಂದ ಬಳ್ಳಾರಿವರೆಗೆ ಕೆರೆ ಕೆರೆ ಸುತ್ತಿ, ಅಳಿದುಹೋಗುತ್ತಿರುವ ನೀರುಗಿಡಗಳನ್ನು ಉಳಿಸಬೇಕು. ಎಂಬತ್ತೆರಡರ ಬೇಸಿಗೆಯಲ್ಲಿ ಊರ ಕೆರೆಯ ಹೂಳೆತ್ತುವ ಮೊದಲು, ಅಲ್ಲಿದ್ದ ಅಪರೂಪದ ಗಿಡಗಳನ್ನು ಕಿತ್ತು, ಕೆಲಸ ಮುಗಿಯುವವರೆಗೆ ನೋಡಿಕೊಳ್ಳಿ ಎಂದು ಊರೂರಿನ ಮನೆಗಳಿಗೆ ಕೊಟ್ಟಿದ್ದ. ಒಂದು ಮುಮ್ತಾಜಳ ಹಿತ್ತಲಿನ ನೀರು ತುಂಬುವ ಕಲ್ಲುದೋಣಿಗೆ ಬಂದಿತ್ತು.

ಬಂದ ವಾರವೇ ಹಬ್ಬ. ಮನೆ ಸ್ವಚ್ಛ ಮಾಡುವ ಭರದಲ್ಲಿ ಅವಳು ದೋಣಿಯನ್ನೂ ತಿಕ್ಕಿ ತೊಳೆದೇಬಿಟ್ಟಳು. ಹೊರಗೆ ಬಿದ್ದ ಗಿಡ ಎಮ್ಮೆಯ ಹೊಟ್ಟೆ ಸೇರಿತು. ಖರೆ ಹೇಳಿದರೆ ಮಾಸ್ತರ ಮತ್ತೆ ಈ ಓಣಿಗೆ ಕಾಲಿಡುವುದಿಲ್ಲ ಎಂದು ಹೆದರಿ, ಹಳ್ಳದಿಂದ ಅಂಥದೇ ಎಲೆಯ ಕಳೆಯೊಂದನ್ನು ತಂದು ನೆಟ್ಟಳು.

ತಿಂಗಳಿಗೊಮ್ಮೆ ಬರುತ್ತೇನೆಂದವನು ವಾರಕ್ಕೊಮ್ಮೆ ಬಂದ. ದೋಣಿಗೆ ಬಗ್ಗಿದರೆ ಅವನ ಕಣ್ಣು ಗಿಡಕ್ಕಿಂತ ನೀರಿನಲ್ಲಿ ಕಾಣುವ ಅವಳ ಮುಖದ ಮೇಲೇ ಹೆಚ್ಚು ನಿಲ್ಲುತ್ತಿತ್ತು.

"ಭಾಳ ಛಲೋ ಬೆಳದೈತ್ರಿ," ಎನ್ನುತ್ತಿದ್ದ. ಅವಳು ದುಪಟ್ಟಾದ ತುದಿ ಕಚ್ಚಿ ನಗುತ್ತಿದ್ದಳು. ಒಳಗಿನಿಂದ ತಾಯಿ ಲಾಲಬಿ ಕೆಮ್ಮುತ್ತಿದ್ದಳು.

ಇವತ್ತು ಅವನ ಕೈಯಲ್ಲಿ ಬಕೆಟ್ಟಿತ್ತು.

"ಕೆರಿ ತುಂಬೇತ್ರಿ. ಗಿಡಾ ಎಲ್ಲಾ ವಾಪಸ್ ಬಿಡೂದು."

ಮುಮ್ತಾಜ ದೋಣಿಗೆ ಅಡ್ಡ ನಿಂತಳು. ಈ ಕಳೆ ಕೆರೆಯಲ್ಲಿ ಹಬ್ಬಿದರೆ ಉಳಿದ ಗಿಡಗಳನ್ನೂ ನುಂಗೀತು, ಅವನು ಪಟ್ಟ ಪಾಡೆಲ್ಲ ಮಣ್ಣುಪಾಲು. ಅವನು ತೋಳೇರಿಸುತ್ತಿದ್ದಂತೆ ಬಕೆಟ್ಟನ್ನೇ ಹಿಡಿದುಕೊಂಡಳು.

"ಬ್ಯಾಡ್ರಿ! ಇದು ನಿಮ್ಮ ಗಿಡಾ ಅಲ್ರಿ. ಅದನ್ನ ಎಮ್ಮಿ ತಿಂತು. ಇದು ಹಳ್ಳದ ಕಸಾ. ಬೈರಿ, ಏನಾರ ಅನ್ರಿ..." ಅವಳ ಕಣ್ಣು ತುಂಬಿತು.

ಜಹಾಂಗೀರ ನಕ್ಕ. "ನಂಗ ಮೊದಲ್ನೇ ದಿನಾನ ಗೊತ್ತಾಗಿತ್ರಿ."

"ಹಂಗಾದ್ರ ಕಸಾ ನೋಡಾಕ ವಾರಾವಾರಾ ಯಾಕ ಬರ್ತಿದ್ರಿ?"

"ಕಸಾ ನೋಡಾಕ ಯಾರ್ ಬರ್ತಿದ್ರು?"

ಅವಳ ಕೆನ್ನೆ ಕೆಂಪಾಯಿತು. ಒಳಗೆ ಕೆಮ್ಮು ನಿಂತಿತು. ಅವನು ದನಿ ತಗ್ಗಿಸಿದ.

"ಕೊರ್ಲಹಳ್ಳ್ಯಾಗ ಹುಚ್ಚವ್ವನ ಮನ್ಯಾಗ ಇಟ್ಟ ಅಂಥದ ಗಿಡಾ ಮರಿ ಹಾಕೇತಿ, ಕೆರಿಗೆ ಅದ ಸಾಕು. ಶುಕ್ರವಾರ ನಮ್ಮ ಅಮ್ಮಾನ್ನ ಕರಕೊಂಡ ಬರ್ಲೇನ್ರಿ? ಗಿಡಾ ನೋಡಾಕಲ್ಲ."

ಮುಮ್ತಾಜ ಬಕೆಟ್ಟಿನ ಹಿಡಿಕೆ ಬಿಡಲಿಲ್ಲ, ಅವನೂ ಬಿಡಲಿಲ್ಲ.

"ಕರಕೊಂಡ ಬರ್ರಿ," ಎಂದಳು. "ಈ ಸಲ ಕೊಟ್ಟಿದ್ದನ್ನ ಜ್ವಾಕೀಲೆ ಇಟ್ಕೋತೇನ್ರಿ."