ಮುದ್ದೆಮಾಲಿನ ಬ್ರೇಕು

1974ರ ಫೆಬ್ರುವರಿ 12, ಮಂಗಳವಾರ. ಬೆಳಿಗ್ಗೆ 9.40ಕ್ಕೆ ಕಲಘಟಗಿ ಠಾಣೆಯ ಮೆಟ್ಟಿಲೇರಿದ ಪ್ರಭಂಜನ ದೇಸಾಯಿಯವರ ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬುಗುಟೆ ಎದ್ದಿತ್ತು. ಅವರು ತಂಬೂರಿನ ದೊಡ್ಡ ಹಿಡುವಳಿದಾರರು. ಯಾರೋ ತಮ್ಮ ಜೀವ ತೆಗೆಯಲೆಂದೇ ಕಾರಿನ ಬ್ರೇಕಿಗೆ ಕೈ ಹಾಕಿದ್ದಾರೆಂದು ಫಿರ್ಯಾದಿ ಕೊಡಲು ಬಂದಿದ್ದರು.

ಸಬ್ ಇನ್‌ಸ್ಪೆಕ್ಟರ್ ಮಡಿವಾಳೆಪ್ಪ ಪೆನ್ನು ತೆರೆದರು.

“ಬ್ರೇಕ್ ಹಿಡೀಲಿಲ್ಲೇನ್ರಿ?”

“ಹಿಡೀತ್ರಿ! ಅದೇ ನನ್ನ ತಕರಾರು. ಕಾಲಿಟ್ಟ ಕೂಡ್ಲೆ ಗಾಡಿ ಗಕ್ಕನ ನಿಂತು, ನನ್ನ ಹಣಿ ಮುಂದಿನ ಕಾಜಿಗೆ ಬಡೀತು.”

“ಮೊದಲ ಹ್ಯಾಂಗ ನಿಲ್ತಿತ್ತು?”

“ಮೊದಲ... ಸಾವಕಾಶ ನಿಲ್ತಿತ್ತು.”

“ಎದುರಿಗೆ ಏನಿತ್ರಿ?”

“ಯಾವಾಕಿನೋ ಹೆಣ್ಮಗಳು. ತಲಿ ಮ್ಯಾಲೆ ಹುಲ್ಲಿನ ಹೊರಿ.”

“ಆಕಿಗೆ?”

“ಆಕಿಗೇನ ಆಗ್ತದ? ನನ್ನ ಬೈದು ಹ್ವಾದಳು.”

ಮೂಲೆಯಲ್ಲಿ ಕೂತಿದ್ದ ಹೆಡ್ ಕಾನ್‌ಸ್ಟೇಬಲ್ ಪಾಂಡುರಂಗ ಕೆಮ್ಮಿ ನಗು ನುಂಗಿದ. ಮಡಿವಾಳೆಪ್ಪನವರಿಗೆ ನಗು ಬರಲಿಲ್ಲ. ಕೆಟ್ಟ ಬ್ರೇಕು ಹೋಗಿ ಒಳ್ಳೆಯದು ಬಂದರೆ ಯಾವ ಕಲಮು ಹಚ್ಚಬೇಕು? ಬಹಳ ಹೊತ್ತು ಯೋಚಿಸಿ, ಹಳೆಯ ಬ್ರೇಕಿನ ಸಾಮಾನು ಕಾಣೆಯಾಗಿರಬೇಕು ಎಂಬ ಆಧಾರದ ಮೇಲೆ ಕಳವಿನ ಕಲಮು 379ರ ಅಡಿಯಲ್ಲಿ ಎಫ್‌ಐಆರ್ ಬರೆದರು.

11.15ಕ್ಕೆ ದೇಸಾಯರ ವಾಡೆಯಲ್ಲಿ, ಇಬ್ಬರು ಪಂಚರ ಎದುರು ಕಾರಿನ ಮುಂದಿನ ಗಾಲಿ ಬಿಚ್ಚಿಸಿದರು. ಅದು ಮೂವತ್ತೆಂಟನೇ ಇಸವಿಯ ವಿಲಾಯತಿ ಕಾರು. ಎರಡೇ ಸೀಟು, ತಗ್ಗಾದ ಮೈ, ಓಟಕ್ಕೆಂದೇ ಮಾಡಿದ್ದು. ತಂತಿ ಎಳೆದು ಹಿಡಿಯುವ ಹಳೆಯ ಬ್ರೇಕಿನ ಜಾಗದಲ್ಲಿ ಅಂಬಾಸಿಡರ್ ಗಾಡಿಯ ಎಣ್ಣೆ ಬ್ರೇಕು ಕೂತಿತ್ತು. ತೂತಿಗೆ ತೂತು ಕೂಡದ ಕಡೆ ಲೇಥಿನಲ್ಲಿ ಕೊರೆದ ಕಬ್ಬಿಣದ ಬಿಲ್ಲೆ ಇಟ್ಟಿದ್ದರು. ಕೆಲಸ ಅಗದಿ ಚೊಕ್ಕ. ಬ್ರೇಕಿನ ಡ್ರಮ್ಮಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದಿತ್ತು: ಗುನ್ನಾ ನಂ. 41/73.

ಪಾಂಡುರಂಗನ ಮುಖ ಸುಣ್ಣವಾಯಿತು. ಅಕ್ಷರ ಅವನದೇ.

ಹಿಂದಿನ ವರ್ಷ ಸಾಗವಾನಿ ಕಳ್ಳಸಾಗಣೆಯಲ್ಲಿ ಜಪ್ತಾದ ಅಂಬಾಸಿಡರ್, ಕೋರ್ಟಿಗೆ ತೋರಿಸಬೇಕಾದ ಮುದ್ದೆಮಾಲೆಂದು ಠಾಣೆಯ ಹಿತ್ತಿಲಲ್ಲಿ ತಾಡಪತ್ರಿ ಹೊದ್ದು ನಿಂತಿತ್ತು. ಅದಕ್ಕೂ ಹಿಂದೆ ಜಪ್ತಿ ಲಾರಿಯೊಂದರ ಬ್ಯಾಟರಿ ಮಾಯವಾಗಿದ್ದರಿಂದ ಪಾಂಡುರಂಗ ಬಿಚ್ಚಬಹುದಾದ ಪ್ರತಿಯೊಂದಕ್ಕೂ ನಂಬರು ಬರೆಯತೊಡಗಿದ್ದ. ಗಾಲಿ ಬಿಚ್ಚಿ ಡ್ರಮ್ಮಿಗೆ ಬಣ್ಣ ಬಳಿಯುವಾಗ ಜನ ನಕ್ಕಿದ್ದರು.

ಮಡಿವಾಳೆಪ್ಪ ಪೆನ್ನು ಮುಚ್ಚಿದರು. ಮುದ್ದೆಮಾಲಿಗೆ ಜವಾಬ್ದಾರರು ಅವರೇ. ಹದಿನೆಂಟು ವರ್ಷದ ನೌಕರಿಯಲ್ಲಿ ಒಂದು ಕಪ್ಪುಚುಕ್ಕೆ ಇಲ್ಲ, ಬಡ್ತಿಯ ಯಾದಿಯಲ್ಲಿ ಹೆಸರಿದೆ. ಈ ನಂಬರು ಪಂಚನಾಮೆಗೆ ಹೋದರೆ ಇಲಾಖೆಯ ಚೌಕಶಿ ಬರುವುದು ಅವರ ಮೇಲೆಯೇ.

ದೇಸಾಯರಿಗೆ ತಿಳಿಯಿತು. “ಸಾಹೇಬ್ರ, ಇದನ್ನ ಬರೀಬ್ಯಾಡ್ರಿ. ನಿಮ್ಮದು ಬಿಚ್ಚಿ ಒಯ್ಯಿರಿ, ನಾ ಹಳೇ ನಮೂನಿ ತಂತಿ ಬ್ರೇಕ ಹಾಕಿಸ್ಕೋತೀನಿ. ನೀವೂ ಪಾರು, ನಾನೂ ಪಾರು.”

“ಕಡೀಕ ಗಾಡಿ ಮುಟ್ಟಿದಾವ್ರು ಯಾರ್ರಿ?”

“ಮಾಬುಸಾಬ. ಹೋದ ವಾರ ಎಂಜಿನ್ ನೋಡಾಕ ಬಿಟ್ಟಿದ್ದೆ.”

ಮಡಿವಾಳೆಪ್ಪ ಪಂಚನಾಮೆಯನ್ನು ಅರ್ಧಕ್ಕೆ ಬಿಟ್ಟು ಹೊರಟರು.

2.30. ಹುಬ್ಬಳ್ಳಿ ರಸ್ತೆಯ ಗ್ಯಾರೇಜಿನಲ್ಲಿ ಮಾಬುಸಾಬ ಲಾರಿಯ ಕೆಳಗಿದ್ದ. “ಈ ಬೋಲ್ಟ್ ಬಿಗಿ ಮಾಡಿ ಬರ್ತೀನ್ರಿ,” ಎಂದವನು ಬಿಗಿ ಮಾಡಿಯೇ ಬಂದ.

“ಡ್ರಮ್ ಎಲ್ಲಿಂದ ತಂದಿ?”

“ನಿಮ್ಮ ಹಿತ್ತಲದಾಗಿಂದ್ರಿ.”

“ಯಾವಾಗ?”

“ಠಾಣೆ ಜೀಪಿನ ಗೇರ್ ಬಾಕ್ಸ್ ಮಾಡಾಕ ಮೂರ ದಿನಾ ಬಂದಿದ್ನೆಲ್ರಿ. ಹಾಡೇ ಹಗಲ ಬಿಚ್ಚೀನಿ. ಜ್ಯಾಕ್ ಹಿಡದಾವ್ರು ಪಾಂಡು ಕಾಕಾ.”

“ಲೇ! ಜೀಪಿನ ಕೆಲಸಾ ಅಂದಿದ್ದೆಲ್ಲೋ!” ಪಾಂಡುರಂಗ ಕೂಗಿದ.

“ಚಾನೂ ಕುಡಿಸಿದ್ರಿ, ಕಾಕಾ.”

ಪಾಂಡುರಂಗ ಅವನ ತೋಳು ಹಿಡಿದು ದನಿ ತಗ್ಗಿಸಿದ. “ಮಾಬು, ಹುಬ್ಬಳ್ಳಿ ಗುಜರಿಯಾಗ ತಂದೆ ಅನ್ನಲೇ. ನಂಬರ್ ನಾ ಅಳಸ್ತೀನಿ. ನೀನೂ ಉಳೀತಿ, ಸಾಹೇಬ್ರೂ ಉಳೀತಾರ.”

“ಅಳಸೂದಿದ್ರ ನಾನ ಅಳಸ್ತಿದ್ದಿಲ್ಲೇನ? ಒಂದ ಚಿಂದಿ, ಒಂದೀಟು ಪೆಟ್ರೋಲ್ ಸಾಕಿತ್ತು.” ಮಾಬುಸಾಬ ತೋಳು ಬಿಡಿಸಿಕೊಂಡು ಮಡಿವಾಳೆಪ್ಪನವರ ಕಡೆ ತಿರುಗಿದ. “ಗುಜರಿ ಮಾಲ ಹಾಕಿದ್ರ ದೇಸಾಯರು ಮರುದಿನಾನ ಕಿತ್ತು ಒಗೀತಾರ್ರಿ. ಸರಕಾರದ ಮುದ್ದೆಮಾಲಿಗೆ ಯಾರ ಕೈ ಹಚ್ಚತಾರ? ಹಚ್ಚಲಿ ನೋಡೂಣು.”

“ನಿನಗ ಜೈಲ ಆಕ್ಕತಿ.”

“ಆಗ್ಲಿರಿ. ಬ್ರೇಕ್ ಉಳೀತೈತೆಲ್ರಿ.”

ಮಡಿವಾಳೆಪ್ಪ 3.05ಕ್ಕೆ ಮಾಬುಸಾಬನನ್ನು ದಸ್ತಗಿರಿ ಮಾಡಿ ಪಾಂಡುರಂಗನ ಜೊತೆ ಠಾಣೆಗೆ ಕಳಿಸಿದರು. ತಾವು ವಾಡೆಗೆ ಮರಳಿ, ಪಂಚರನ್ನು ಕೂಡಿಸಿ, ನಂಬರನ್ನು ಇದ್ದ ಹಾಗೇ ಬರೆದರು. ಪಂಚರ ಸಹಿ ಹಾಕಿಸಿದರು.

“ನೌಕರಿಗೆ ಕುತ್ತು ಬಂದೀತ್ರಿ,” ಎಂದರು ದೇಸಾಯರು.

“ಬರ್ಲಿರಿ. ಬ್ರೇಕ್ ನಮ್ಮ ಮುದ್ದೆಮಾಲು. ಕೋರ್ಟ್ ಹೇಳೂತನಕ ಬಿಚ್ಚಂಗಿಲ್ಲ. ಬಿಚ್ಚಾಕ ಬರಲಾರದ ಬ್ರೇಕ್ ಇದ್ದ ಗಾಡಿನೂ ಈಗ ಮುದ್ದೆಮಾಲು. ಕೀಲಿ ಕೊಡ್ರಿ.”

ದೇಸಾಯರು ಕೊಡಲಿಲ್ಲ. ಎರಡು ಎತ್ತು ಹೂಡಿ ಕಾರನ್ನು ಠಾಣೆಗೆ ಎಳೆಸಬೇಕಾಯಿತು.

ಸಂಜೆ 5.20ಕ್ಕೆ ಮಾಬುಸಾಬನ ಹೇಳಿಕೆ. ನವೆಂಬರಿನಲ್ಲಿ ದೇಸಾಯರು ಗಾಡಿ ಹಾರಬೇಕೆಂದರು. ಅವನು ಎಂಜಿನ್ ಹಾಗೆ ಮಾಡಿಕೊಟ್ಟ. ಬ್ರೇಕು ಸಾಲದು ಎಂದಾಗ, “ನಿಲ್ಲಾಕ ಯಾರ ಕಾರ ಇಟ್ಟಾರಲೇ?” ಎಂದು ನಕ್ಕಿದ್ದರು. ಎರಡು ವಾರದಲ್ಲಿ ಆ ಕಾರು ತೊಟ್ಟಿಲಿಗೆ ಬಣ್ಣ ಬರೆಯುವ ಮಾಳಪ್ಪನ ಸೈಕಲ್ಲಿಗೆ ಬಡಿಯಿತು. ಬಲಗೈ ಮಣಿಕಟ್ಟು ಮುರಿದು, ಆ ಕೈಯಲ್ಲಿ ಕುಂಚ ನಿಲ್ಲದಾಯಿತು.

“ಫಿರ್ಯಾದಿ ಯಾಕ ಕೊಡಲಿಲ್ಲ ಅವ?”

“ಬಂದಿದ್ದನ್ರಿ. ನೋಡ್ರಿ ನಿಮ್ಮ ಡೈರಿಯಾಗ.”

ಡಿಸೆಂಬರ್ 3ರ ಪುಟದಲ್ಲಿತ್ತು: ‘ಸೈಕಲ್ಲಿನಿಂದ ತಾನಾಗಿ ಬಿದ್ದು ಗಾಯ.’ ಕೆಳಗೆ ಮಡಿವಾಳೆಪ್ಪನವರ ಸಹಿ. ಓದಿ ಮಾಡಿದ್ದೋ, ಓದದೆ ಮಾಡಿದ್ದೋ, ನೆನಪಾಗಲಿಲ್ಲ.

“ಮಾಳಪ್ಪ ನಿನಗ ಏನಾಗಬೇಕು?”

“ಏನೂ ಆಗಬೇಕಿಲ್ರಿ. ಆ ಗಾಡಿಗೆ ಓಡಾಕ ಕಲಿಸಿದಾವ ನಾನು.”

ಮಡಿವಾಳೆಪ್ಪ ಆ ಮಾತನ್ನು ತಿದ್ದದೆ ಬರೆದುಕೊಂಡರು. ಆಮೇಲೆ ಹೊಸ ಎಫ್‌ಐಆರ್ ಹಾಳೆಯೊಂದನ್ನು ಮುಂದಿಟ್ಟುಕೊಂಡು, ಮಾಳಪ್ಪನನ್ನು ಕರೆತರಲು ಪಾಂಡುರಂಗನನ್ನು ಕಳಿಸಿದರು.